ಐನ್‌ಮನೆಯ ಸೂರಿಗೆ ಹಣ ಎಲ್ಲಿಂದ? ಅನುದಾನ, ಆದಾಯ ತೆರಿಗೆ ಮತ್ತು ಪಟ್ಟೇದಾರನ ಹೆಸರು

ಕೊಡಗಿನಲ್ಲಿ ಹಳೆಯ ಐನ್‌ಮನೆಯ, ಅಂದರೆ ಒಂದು ಮನೆತನದ ಮೂಲ ಮನೆಯ, ಸೂರು ಸೋರತೊಡಗಿದರೆ ಒಕ್ಕದವರ (ಆ ಮನೆತನದವರ) ಮುಂದೆ ಎರಡು ಪ್ರಶ್ನೆ ಬಂದು ನಿಲ್ಲುತ್ತವೆ. ಇದು ಪಾರಂಪರಿಕ ಕಟ್ಟಡವಲ್ಲವೇ, ಸರ್ಕಾರದಿಂದ ದುಡ್ಡು ಸಿಗುವುದಿಲ್ಲವೇ? ಸಿಗದಿದ್ದರೆ, ಒಕ್ಕದವರೇ ಸೇರಿಸಿಡುವ ದುಡ್ಡಿಗೆ ತೆರಿಗೆ ಬೀಳುತ್ತದೆಯೇ? ಮೊದಲನೆಯದನ್ನು ಪ್ರಾಚ್ಯವಸ್ತು ಇಲಾಖೆಯಲ್ಲೂ ಎರಡನೆಯದನ್ನು ಆಡಿಟರ್ ಬಳಿಯೂ ಬೇರೆ ಬೇರೆಯಾಗಿ ಕೇಳುವುದು ರೂಢಿ. ಆದರೆ ಎರಡರ ಬೇರೂ ಒಂದೇ ಕಡೆ ಇದೆ. ಮನೆ, ಜಾಗ, ತೋಟ ಯಾರ ಹೆಸರಿನಲ್ಲಿವೆ, ಯಾರ ಪರವಾಗಿ ಇವೆ ಎಂದು ಕಾಗದ ಏನು ಹೇಳುತ್ತದೋ ಅದರ ಮೇಲೆ ಅನುದಾನವೂ ತೆರಿಗೆಯೂ ನಿಂತಿವೆ. ಆ ಕಾಗದ ಸರಿ ಇಲ್ಲದ ಒಕ್ಕ ಅನುದಾನವನ್ನೂ ಕಳೆದುಕೊಳ್ಳುತ್ತದೆ, ಕಟ್ಟಬೇಕಿಲ್ಲದ ತೆರಿಗೆಯನ್ನೂ ಕಟ್ಟುತ್ತದೆ.

ಸರ್ಕಾರದ ಹಣ ಎಲ್ಲಿಯವರೆಗೆ ಬರುತ್ತದೆ

2025-26ರ ಕೇಂದ್ರ ಬಜೆಟ್‌ನ ಒಟ್ಟು ಗಾತ್ರ ಸುಮಾರು 50.65 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಸಂಸ್ಕೃತಿ ಸಚಿವಾಲಯಕ್ಕೆ ಇಟ್ಟದ್ದು ಸುಮಾರು 3,360 ಕೋಟಿ. ನೂರು ರೂಪಾಯಿಗೆ ಏಳು ಪೈಸೆಯೂ ಆಗಲಿಲ್ಲ. ಈ ಹಣದಲ್ಲೇ ಮ್ಯೂಸಿಯಂ, ಗ್ರಂಥಾಲಯ, ಅಕಾಡೆಮಿಗಳು ನಡೆಯಬೇಕು. ಭಾರತೀಯ ಪುರಾತತ್ವ ಸರ್ವೇಕ್ಷಣೆಗೆ, ಅಂದರೆ ಎಎಸ್‌ಐಗೆ, ಬರುವ ಪಾಲು ಸುಮಾರು 1,278 ಕೋಟಿ. ದೇಶದ ಸುಮಾರು 3,700 ಸ್ಮಾರಕಗಳು ಅದರ ಸುಪರ್ದಿಯಲ್ಲಿವೆ, ಸಿಬ್ಬಂದಿಯ ಸಂಬಳವೂ ಅದರಲ್ಲೇ ಸೇರಿದೆ. ಅದೇ ಬಜೆಟ್‌ನಲ್ಲಿ ಕುಟುಂಬಗಳಿಗೆ ಕೊಟ್ಟ ಆದಾಯ ತೆರಿಗೆ ವಿನಾಯಿತಿಯಿಂದ ಸರ್ಕಾರ ಬಿಟ್ಟುಕೊಟ್ಟ ವರಮಾನ ಸುಮಾರು 1 ಲಕ್ಷ ಕೋಟಿ ಎಂದು ಹಣಕಾಸು ಸಚಿವರು ಹೇಳಿದ್ದರು. ಸಂಸ್ಕೃತಿಗೆ ಇಟ್ಟ ಹಣದ ಸುಮಾರು ಮೂವತ್ತು ಪಟ್ಟು ಕುಟುಂಬಗಳ ಜೇಬಿನಲ್ಲೇ ಉಳಿಯಿತು ಎಂದಾಯಿತು. ಐನ್‌ಮನೆ ಉಳಿಯಬೇಕಾದರೆ ಹಣ ಯಾವ ದಿಕ್ಕಿನಿಂದ ಬರುವ ಸಾಧ್ಯತೆ ಹೆಚ್ಚು ಎಂಬುದಕ್ಕೆ ಈ ಎರಡು ಅಂಕಿ ಸಾಕು.

ಇಲಾಖೆಯ ಸಂರಕ್ಷಣಾ ಹಣ ಖರ್ಚಾಗುವುದು ‘ಸಂರಕ್ಷಿತ ಸ್ಮಾರಕ’ ಎಂದು ಅಧಿಸೂಚನೆ ಆದ ಕಟ್ಟಡಕ್ಕೆ. ಕೇಂದ್ರದ ಪಟ್ಟಿಯಲ್ಲಿರುವ ಸ್ಮಾರಕಗಳಿಗೆ 1958ರ ಕಾಯ್ದೆ, ರಾಜ್ಯದ ಪಟ್ಟಿಯಲ್ಲಿರುವವಕ್ಕೆ 1961ರ ಕರ್ನಾಟಕ ಪ್ರಾಚೀನ ಮತ್ತು ಐತಿಹಾಸಿಕ ಸ್ಮಾರಕಗಳ ಕಾಯ್ದೆ ಅನ್ವಯಿಸುತ್ತದೆ. ರಾಜ್ಯದ ಪಟ್ಟಿಯನ್ನು ನೋಡಿಕೊಳ್ಳುವ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲಿದೆ. ಮಡಿಕೇರಿ ಕೋಟೆಯೊಳಗಿನ ಹಳೆಯ ಚರ್ಚ್ ಕಟ್ಟಡದ ಮ್ಯೂಸಿಯಂ ಈ ಇಲಾಖೆಯದೇ. ಕಕ್ಕಬ್ಬೆ ಬಳಿ 1792ರಲ್ಲಿ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆಗೆ ಸರ್ಕಾರಿ ಹಣ ಬರುತ್ತದೆ, ಅದರಿಂದ ಕೂಗಳತೆಯಲ್ಲಿರುವ, ಅಷ್ಟೇ ಹಳೆಯದಿರಬಹುದಾದ ಐನ್‌ಮನೆಗೆ ಬರುವುದಿಲ್ಲ. ವಯಸ್ಸಿನಲ್ಲಿ, ಕೆತ್ತನೆಯಲ್ಲಿ ಎರಡೂ ಸಮ ಇರಬಹುದು. ಒಂದರ ಹೆಸರು ಅಧಿಸೂಚನೆಯಲ್ಲಿದೆ, ಇನ್ನೊಂದರದು ಇಲ್ಲ, ವ್ಯತ್ಯಾಸ ಅಷ್ಟೇ.

ಹಾಗಾದರೆ ನಮ್ಮ ಐನ್‌ಮನೆಯನ್ನೂ ಅಧಿಸೂಚನೆಗೆ ಸೇರಿಸಬಹುದಲ್ಲ ಎಂದು ಅನೇಕರು ಕೇಳುತ್ತಾರೆ. ಸೇರಿಸಬಹುದು. ಕೇಂದ್ರದ ಕಾಯ್ದೆಯಲ್ಲಿ ಕಟ್ಟಡಕ್ಕೆ ಕನಿಷ್ಠ 100 ವರ್ಷ ಆಗಿರಬೇಕು. ಸರ್ಕಾರ ಮೊದಲು ಎರಡು ತಿಂಗಳ ನೋಟಿಸ್ ಕೊಟ್ಟು ಆಕ್ಷೇಪಣೆ ಕರೆಯುತ್ತದೆ, ಆಮೇಲೆ ಅಧಿಸೂಚನೆ. ಅಧಿಸೂಚನೆ ಆದ ಮಾತ್ರಕ್ಕೆ ಮನೆ ಸರ್ಕಾರದ್ದಾಗುವುದಿಲ್ಲ. ಮಾಲೀಕರ ಜೊತೆ ಲಿಖಿತ ಒಪ್ಪಂದ ಮಾಡಿಕೊಂಡು, ದುರಸ್ತಿ ಯಾರು ಮಾಡಬೇಕು, ಖರ್ಚು ಯಾರದು, ಸಾರ್ವಜನಿಕರಿಗೆ ಯಾವಾಗ ಬಾಗಿಲು ತೆರೆಯಬೇಕು, ಮಾರುವುದಾದರೆ ಸರ್ಕಾರಕ್ಕೆ ಹೇಗೆ ತಿಳಿಸಬೇಕು ಎಂಬುದನ್ನು ಬರೆದುಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಕಟ್ಟಡವನ್ನು ಬದಲಿಸುವ, ಕೆಡವುವ ಹಕ್ಕು ಮಾಲೀಕರ ಕೈಯಲ್ಲಿ ಮೊದಲಿನಂತೆ ಉಳಿಯುವುದಿಲ್ಲ. ಕೇಂದ್ರದ ಪಟ್ಟಿಗೆ ಸೇರಿದರೆ 2010ರ ತಿದ್ದುಪಡಿಯ ಪ್ರಕಾರ ಸುತ್ತಲಿನ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಐನ್‌ಮನೆಯ ಸುತ್ತ ಆ ಅಂತರದೊಳಗೆ ಒಕ್ಕದವರದೇ ನಾಲ್ಕಾರು ಮನೆ, ಕಾಫಿ ಒಣಗಿಸುವ ಕಣ, ಲೈನ್‌ಮನೆ (ಕಾರ್ಮಿಕರ ಸಾಲುಮನೆ) ಇದ್ದೇ ಇರುತ್ತವೆ. 1992ರ ಜೂನ್ 16ಕ್ಕೆ ಮೊದಲೇ ಇದ್ದ ಕಟ್ಟಡಗಳ ದುರಸ್ತಿಗೆ ಅನುಮತಿ ಕೇಳಬಹುದು, ನಿಷೇಧಿತ ಪ್ರದೇಶದಲ್ಲಿ ಹೊಸದಾಗಿ ಕಟ್ಟಲು ಆಗದು.

ಹೀಗಾಗಿ ನಮ್ಮ ಅಭಿಪ್ರಾಯ ಇಷ್ಟು: ಪುತ್ತರಿಗೆ (ಸುಗ್ಗಿ ಹಬ್ಬಕ್ಕೆ) ಕದಿರು ತರುವ, ಕಾರೋಣರಿಗೆ (ಗತಿಸಿದ ಹಿರಿಯರಿಗೆ) ಮೀದಿ (ಎಡೆ) ಇಡುವ, ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುದೀಪ ಉರಿಯುವ ಜೀವಂತ ಐನ್‌ಮನೆಗೆ ಅಧಿಸೂಚನೆ ಸರಿಯಾದ ದಾರಿ ಅಲ್ಲ. ಒಕ್ಕ ಚದುರಿ, ಬೀಗ ಬಿದ್ದು, ಕೆತ್ತನೆಯ ಕಂಬಗಳಿಗೆ ಕಳ್ಳರ ಕಣ್ಣು ಬಿದ್ದಿರುವ ಮನೆಯಾದರೆ ಅದೇ ಒಳ್ಳೆಯ ದಾರಿ.

ಅಧಿಸೂಚನೆ ಇಲ್ಲದೆಯೂ ಸರ್ಕಾರಿ ದುಡ್ಡು ಸ್ವಲ್ಪ ಹತ್ತಿರ ಬರುತ್ತದೆ. ಸಂಸದರ, ಶಾಸಕರ ಪ್ರದೇಶಾಭಿವೃದ್ಧಿ ನಿಧಿಯನ್ನು ಖಾಸಗಿ ಮನೆಗೆ ಖರ್ಚು ಮಾಡುವಂತಿಲ್ಲ, ಆದರೆ ಐನ್‌ಮನೆಗೆ ಹೋಗುವ ಓಣಿ ಸಾರ್ವಜನಿಕ ದಾರಿ ಎಂದು ದಾಖಲೆಯಲ್ಲಿದ್ದರೆ ರಸ್ತೆ, ಮೋರಿ, ತಡೆಗೋಡೆಗೆ ಬಳಸಬಹುದು. ಮೇಲಿನಿಂದ ಹರಿದುಬರುವ ಮಳೆನೀರನ್ನು ಬೇರೆ ಕಡೆಗೆ ತಿರುಗಿಸುವ ಒಂದು ಚರಂಡಿ, ಮನೆಯ ಗೋಡೆಗೆ ಮಾಡುವ ಉಪಕಾರ ಸಣ್ಣದಲ್ಲ.

ಇನ್ನೊಂದು ಬಾಗಿಲು ಕಂಪನಿಗಳ ಸಿಎಸ್‌ಆರ್ ಹಣ, ಅಂದರೆ ಸಾಮಾಜಿಕ ಹೊಣೆಗಾರಿಕೆಗೆಂದು ಕಂಪನಿಗಳು ಖರ್ಚು ಮಾಡಬೇಕಾದ ಹಣ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ರಾಷ್ಟ್ರೀಯ ಪರಂಪರೆಯ ರಕ್ಷಣೆ ಮತ್ತು ಐತಿಹಾಸಿಕ ಮಹತ್ವದ ಕಟ್ಟಡಗಳ ಜೀರ್ಣೋದ್ಧಾರ ಸೇರಿದೆ. ಅಲ್ಲಿ ‘ಸಂರಕ್ಷಿತ’ ಆಗಿರಲೇಬೇಕು ಎಂದಿಲ್ಲ. ನಿವ್ವಳ ಲಾಭ 5 ಕೋಟಿ ದಾಟಿದ ಕಂಪನಿಯೂ ಇದಕ್ಕೆ ಒಳಪಡುತ್ತದೆ, ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟು ಖರ್ಚು ಮಾಡಬೇಕು. ತೊಡಕು ಇರುವುದು ಪಡೆಯುವವರ ಕಡೆ. ಹಣ ಪಡೆಯುವ ಸಂಸ್ಥೆ ಸಾರ್ವಜನಿಕ ಧರ್ಮಾರ್ಥ ಸಂಸ್ಥೆಯಾಗಿ ಆದಾಯ ತೆರಿಗೆಯಲ್ಲಿ ನೋಂದಣಿ ಆಗಿರಬೇಕು. ಒಂದು ಒಕ್ಕದ ಸದಸ್ಯರಿಗೆ ಮಾತ್ರ ಸೇರಿದ ಸಂಘ ಸಾರ್ವಜನಿಕ ಧರ್ಮಾರ್ಥ ಅಲ್ಲ. ಹಾಗಾಗಿ ಪ್ರತಿ ಒಕ್ಕ ಒಂದೊಂದು ಟ್ರಸ್ಟ್ ಮಾಡಿಕೊಂಡು ಕಂಪನಿಗಳಿಗೆ ಅರ್ಜಿ ಹಾಕಿದರೆ ಉಪಯೋಗವಿಲ್ಲ. ನಾಡಿನ ಮಟ್ಟದಲ್ಲೋ ತಾಲ್ಲೂಕಿನ ಮಟ್ಟದಲ್ಲೋ, ಕೊಡವರ, ಅರೆಭಾಷೆ ಗೌಡರ, ಇತರರ ಹಳೆಯ ಮನೆಗಳೆಲ್ಲ ಬರುವಂತೆ, ಜಾತಿಯ ಗಡಿ ಇಲ್ಲದ ಒಂದು ಟ್ರಸ್ಟ್ ಮಾಡಿದರೆ ಮಾತ್ರ ಈ ಬಾಗಿಲು ತೆರೆಯುತ್ತದೆ.

ತೆರಿಗೆ ಮಿತಿ ಅಂದರೆ ಯಾವ ಮಿತಿ

‘12 ಲಕ್ಷದವರೆಗೆ ತೆರಿಗೆ ಇಲ್ಲ’ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಅದು ಅರ್ಧ ಸತ್ಯ, ಉಳಿದರ್ಧ ಕೊಡಗಿನವರಿಗೆ ಬಹಳ ಮುಖ್ಯ.

2025-26ರ ಆದಾಯಕ್ಕೆ ಹೊಸ ಪದ್ಧತಿಯಲ್ಲಿ ನಿಜವಾದ ಮೂಲ ಮಿತಿ 4 ಲಕ್ಷ. 4ರಿಂದ 8 ಲಕ್ಷದವರೆಗೆ ಶೇ 5, 8ರಿಂದ 12ರವರೆಗೆ ಶೇ 10, 12ರಿಂದ 16ಕ್ಕೆ ಶೇ 15, 16ರಿಂದ 20ಕ್ಕೆ ಶೇ 20, 20ರಿಂದ 24ಕ್ಕೆ ಶೇ 25, ಅದರ ಮೇಲೆ ಶೇ 30. ತೆರಿಗೆಯ ಮೇಲೆ ಶೇ 4 ಸೆಸ್. 12 ಲಕ್ಷ ಆದಾಯಕ್ಕೆ ಈ ಲೆಕ್ಕದಲ್ಲಿ 60,000 ತೆರಿಗೆ ಬರುತ್ತದೆ. ಆ 60,000ವನ್ನು 87ಎ ಎಂಬ ರಿಬೇಟ್ ಮನ್ನಾ ಮಾಡುತ್ತದೆ, ಆಗ ಸೊನ್ನೆ. ಸಂಬಳ, ಪಿಂಚಣಿ ಇರುವವರಿಗೆ ಅದಕ್ಕೂ ಮೊದಲು 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆಯುತ್ತಾರೆ. ಈ ರಿಬೇಟ್ ಸಿಗುವುದು ಭಾರತದಲ್ಲಿ ನೆಲೆಸಿದ ವ್ಯಕ್ತಿಗೆ ಮಾತ್ರ. ಅವಿಭಕ್ತ ಕುಟುಂಬ ಅಂದರೆ ಎಚ್‌ಯುಎಫ್, ಸಂಘ, ಕೂಟ ಇವುಗಳಿಗೆ 4 ಲಕ್ಷದ ಮೂಲ ಮಿತಿ ಇದೆ, ರಿಬೇಟ್ ಇಲ್ಲ. ಹಳೆಯ ಪದ್ಧತಿಯಲ್ಲಿ ಮೂಲ ಮಿತಿ 2.5 ಲಕ್ಷ, 60 ದಾಟಿದವರಿಗೆ 3 ಲಕ್ಷ, 80 ದಾಟಿದವರಿಗೆ 5 ಲಕ್ಷ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಸೆಕ್ಷನ್‌ಗಳ ಸಂಖ್ಯೆ ಬದಲಾಗಿದೆ. ಇಲ್ಲಿ ಬಳಸಿರುವುದು ಜನ ಬಲ್ಲ ಹಳೆಯ ಸಂಖ್ಯೆಗಳು.

ಇನ್ನು ಕಾಫಿ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಬೆಳೆಗಾರ ಕಾಫಿಯನ್ನು ಚೆರಿಯಾಗಿಯೋ (ಇಡೀ ಹಣ್ಣಾಗಿ) ಪಾರ್ಚ್‌ಮೆಂಟ್ ಆಗಿಯೋ (ಹಣ್ಣಿನ ಹೊರಭಾಗ ತೆಗೆದು, ಬೀಜದ ಹೊದಿಕೆ ಉಳಿಸಿ) ಒಣಗಿಸಿ ಮಾರಿದರೆ ಅದು ಪೂರ್ತಿ ಕೃಷಿ ಆದಾಯ. ಕರಿಮೆಣಸೂ ಹಾಗೆಯೇ. ಬೆಳೆಗಾರನೇ ಕ್ಯೂರಿಂಗ್ ಮಾಡಿಸಿ, ಸಿಪ್ಪೆ ತೆಗೆದ ಬೀಜವನ್ನು ಮಾರಿದರೆ ನಿಯಮ 7ಬಿ ಪ್ರಕಾರ ಆ ಆದಾಯದ ಶೇ 25 ವ್ಯಾಪಾರದ ಆದಾಯ. ಹುರಿದು ಪುಡಿ ಮಾಡಿ, ಚಿಕೋರಿ ಬೆರೆಸಿಯೋ ಬೆರೆಸದೆಯೋ ಮಾರಿದರೆ ಶೇ 40. ‘ನಮ್ಮ ತೋಟದ ಕಾಫಿಪುಡಿ’ ಎಂದು ಪ್ಯಾಕೆಟ್ ಕಟ್ಟಿ ಮಾರುವವರು ಇದನ್ನೂ ಕೃಷಿ ಆದಾಯವೆಂದೇ ತೋರಿಸುತ್ತಾರೆ, ನೋಟಿಸ್ ಬಂದ ಮೇಲೆ ಪೇಚಾಡುತ್ತಾರೆ. ಹೋಂಸ್ಟೇ ಆದಾಯವಂತೂ ತೋಟದ ಮಧ್ಯೆ ಇದ್ದರೂ ಕೃಷಿ ಅಲ್ಲ.

ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಎಂದರೂ ಅದು ಲೆಕ್ಕದಿಂದ ಹೊರಗೆ ಉಳಿಯುವುದಿಲ್ಲ, ಎಡವುವುದು ಇಲ್ಲಿಯೇ. ವ್ಯಕ್ತಿಯ ನಿವ್ವಳ ಕೃಷಿ ಆದಾಯ 5,000 ದಾಟಿ, ಉಳಿದ ಆದಾಯ ಮೂಲ ಮಿತಿಯನ್ನೂ ದಾಟಿದ್ದರೆ, ದರ ನಿಗದಿಗೆ ಎರಡನ್ನೂ ಕೂಡಿಸುತ್ತಾರೆ. ಮೊದಲು ಎರಡೂ ಸೇರಿದ ಮೊತ್ತಕ್ಕೆ ತೆರಿಗೆ ಹಾಕಿ, ಆಮೇಲೆ ಕೃಷಿ ಆದಾಯಕ್ಕೆ ಮೂಲ ಮಿತಿಯನ್ನು ಸೇರಿಸಿ ಅದಕ್ಕೆ ಬರುವ ತೆರಿಗೆಯನ್ನು ಕಳೆಯುತ್ತಾರೆ. ಉಳಿದದ್ದು ಕಟ್ಟಬೇಕಾದ ತೆರಿಗೆ.

ಸೇನೆಯಿಂದ ನಿವೃತ್ತರಾದ ಒಬ್ಬ ಪಟ್ಟೇದಾರರ, ಅಂದರೆ ಒಕ್ಕದ ಪರವಾಗಿ ಜಾಗದ ದಾಖಲೆಯಲ್ಲಿ ಹೆಸರಿರುವ ಹಿರಿಯರ, ಲೆಕ್ಕ ಹಾಕಿ ನೋಡಿ. ಪಿಂಚಣಿ 10,75,000. ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 10 ಲಕ್ಷ. ಅಷ್ಟೇ ಇದ್ದರೆ ತೆರಿಗೆ 40,000, ರಿಬೇಟ್‌ನಲ್ಲಿ ಅದು ಮನ್ನಾ. ಈಗ ಅವರ ಖಾತೆಗೆ ಕಾಫಿ, ಮೆಣಸಿನಿಂದ ಖರ್ಚು ಕಳೆದು 10 ಲಕ್ಷ ಬಂದಿದೆ. ಒಟ್ಟು 20 ಲಕ್ಷಕ್ಕೆ ತೆರಿಗೆ 2,00,000. ಕೃಷಿಯ 10 ಲಕ್ಷಕ್ಕೆ 4 ಲಕ್ಷ ಸೇರಿಸಿದ 14 ಲಕ್ಷಕ್ಕೆ 90,000. ವ್ಯತ್ಯಾಸ 1,10,000. ಕೃಷಿ ಬಿಟ್ಟ ಆದಾಯ 12 ಲಕ್ಷದೊಳಗೇ ಇರುವುದರಿಂದ ರಿಬೇಟ್ ಸಿಗುತ್ತದೆ, ಆದರೆ 60,000 ಮಾತ್ರ. ಉಳಿದ 50,000ಕ್ಕೆ ಸೆಸ್ 2,000. ಒಟ್ಟು 52,000 ಕಟ್ಟಬೇಕು. ಇದೇ ಪಿಂಚಣಿ ಇರುವವರಿಗೆ ಕೃಷಿ ಆದಾಯ 3 ಲಕ್ಷದವರೆಗೆ ತೆರಿಗೆ ಸೊನ್ನೆ, 4 ಲಕ್ಷ ಆದರೆ ಸೆಸ್ ಬಿಟ್ಟು 10,000. ‘12 ಲಕ್ಷದವರೆಗೆ ಏನೂ ಇಲ್ಲ’ ಎಂದು ನಂಬಿ ಕೂತವರಿಗೆ ಈ ಲೆಕ್ಕ ಆಘಾತವೇ ಸರಿ.

ಆ 10 ಲಕ್ಷದ ಕಾಫಿ ನಿಜವಾಗಿ ಆ ಪಟ್ಟೇದಾರರೊಬ್ಬರದೇ? ಜಮ್ಮ ಜಾಗದ (ಒಕ್ಕಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನಿನ) ಪಹಣಿಯಲ್ಲಿ ಪಟ್ಟೇದಾರನ ಹೆಸರು ಮೊದಲು ಬರುತ್ತದೆ. ಕಾಫಿ ಖರೀದಿಸುವವರು ಬಿಲ್ ಬರೆಯುವುದು ಆ ಹೆಸರಿಗೆ, ಚೆಕ್ ಬರುವುದೂ ಆ ಹೆಸರಿಗೆ. ಬಂದ ದುಡ್ಡು ಅಣ್ಣತಮ್ಮಂದಿರ ನಡುವೆ ಹಂಚಿಹೋಗುತ್ತದೆ, ರಿಟರ್ನ್‌ನಲ್ಲಿ ಮಾತ್ರ ಎಲ್ಲವೂ ಪಟ್ಟೇದಾರನ ತಲೆಯ ಮೇಲೆ. ತೋಟ ಅವಿಭಕ್ತ ಕುಟುಂಬದ್ದೇ ಆಗಿ, ಎಚ್‌ಯುಎಫ್‌ಗೆ ಬೇರೆ ಪ್ಯಾನ್, ಬೇರೆ ಬ್ಯಾಂಕ್ ಖಾತೆ ಇದ್ದು, ಕಾಫಿ ಬಿಲ್ ಆ ಹೆಸರಿಗೇ ಆಗಿದ್ದರೆ, ಎಚ್‌ಯುಎಫ್‌ಗೆ ಬರೀ ಕೃಷಿ ಆದಾಯ ಇರುವುದರಿಂದ ತೆರಿಗೆ ಸೊನ್ನೆ. ಪಟ್ಟೇದಾರರ ಪಿಂಚಣಿಗೂ ಸೊನ್ನೆ. ಆ 52,000 ಕಾಗದದ ತಪ್ಪಿಗೆ ಪ್ರತಿ ವರ್ಷ ಕಟ್ಟುವ ದಂಡ. ಒಂದು ಐನ್‌ಮನೆಯ ಕೈಯಾಲೆಯ (ಜಗಲಿಯ) ಮಾಡನ್ನು ವರ್ಷವರ್ಷ ನೋಡಿಕೊಳ್ಳಬಹುದಾದ ದುಡ್ಡು ಅದು.

ಎಚ್‌ಯುಎಫ್ ಅಂದರೆ ಒಕ್ಕ ಅಲ್ಲ

ಇಲ್ಲಿ ಒಂದು ಎಚ್ಚರಿಕೆಯ ಮಾತು ಬೇಕೇ ಬೇಕು. ಮೇಲಿನ ಲೆಕ್ಕ ನೋಡಿ ನಾಳೆಯೇ ಎಚ್‌ಯುಎಫ್ ಪ್ಯಾನ್ ಮಾಡಿಸಿದರೆ ಕೆಲಸ ಆಗುವುದಿಲ್ಲ. ಆಸ್ತಿ ನಿಜವಾಗಿ ಕುಟುಂಬದ್ದೇ ಆಗಿರಬೇಕು. ತಂದೆ ತಾನೇ ದುಡಿದು ಕೊಂಡ ತೋಟ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮಗನಿಗೆ ಬಂದರೆ ಅದು ಮಗನ ವೈಯಕ್ತಿಕ ಆಸ್ತಿ, ತಾನಾಗಿಯೇ ಎಚ್‌ಯುಎಫ್ ಆಸ್ತಿ ಆಗುವುದಿಲ್ಲ. 1986ರ ಚಂದರ್ ಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಸ್ವಂತ ತೋಟವನ್ನು ಎಚ್‌ಯುಎಫ್‌ಗೆ ಬಿಟ್ಟುಕೊಟ್ಟರೂ ಅದರ ಆದಾಯ ಕೊಟ್ಟವರ ಲೆಕ್ಕಕ್ಕೇ ಮರಳಿ ಸೇರುತ್ತದೆ. ಹಿಂದೂ, ಜೈನ, ಸಿಖ್, ಬೌದ್ಧ ಕುಟುಂಬಗಳಿಗೆ ಮಾತ್ರ ಎಚ್‌ಯುಎಫ್, ಕೊಡಗಿನ ಮುಸ್ಲಿಂ, ಕ್ರೈಸ್ತ ಮನೆತನಗಳಿಗೆ ಈ ದಾರಿ ಇಲ್ಲ. ಅಂಥವರು ಜಂಟಿ ಮಾಲೀಕರ ಪಾಲು ಎಷ್ಟೆಷ್ಟು ಎಂದು ದಾಖಲಿಸಿ, ತಮ್ಮ ತಮ್ಮ ಪಾಲನ್ನು ತಮ್ಮ ತಮ್ಮ ರಿಟರ್ನ್‌ನಲ್ಲಿ ತೋರಿಸಬೇಕು.

ಒಮ್ಮೆ ಎಚ್‌ಯುಎಫ್ ಎಂದು ತೆರಿಗೆ ಇಲಾಖೆಯಲ್ಲಿ ದಾಖಲಾದರೆ, ಅರ್ಧ ಆಸ್ತಿ ಪಾಲು ಮಾಡಿಕೊಂಡು ಅರ್ಧ ಉಳಿಸಿಕೊಳ್ಳುವುದನ್ನು ಇಲಾಖೆ ಒಪ್ಪುವುದಿಲ್ಲ. 1978ರ ಡಿಸೆಂಬರ್ 31ರ ನಂತರದ ಭಾಗಶಃ ಪಾಲಿಗೆ ಮಾನ್ಯತೆ ಇಲ್ಲ. ತೋಟ ಹಂಚಿಕೊಂಡು ಐನ್‌ಮನೆ, ಕೈಮಡ (ಹಿರಿಯರ ಗುಡಿ), ದೇವರ ಜಾಗವನ್ನು ಮಾತ್ರ ಸಾಮಾನ್ಯವಾಗಿ ಇಟ್ಟುಕೊಳ್ಳುವುದು ಕೊಡಗಿನ ಪದ್ಧತಿ. ಆದ್ದರಿಂದ ಪಾಲುಪತ್ರ ಬರೆಸುವಾಗ ಐನ್‌ಮನೆಯನ್ನು ಯಾವ ಹೆಸರಿಗೆ, ಯಾವ ಷರತ್ತಿನಲ್ಲಿ ಬಿಡಲಾಗಿದೆ ಎಂದು ವಕೀಲರು ಮತ್ತು ಆಡಿಟರ್ ಇಬ್ಬರನ್ನೂ ಕೂರಿಸಿಕೊಂಡು ಬರೆಸಬೇಕು. ಒಬ್ಬರನ್ನೇ ಕೇಳಿ ಬರೆಸಿದ ಪಾಲುಪತ್ರಗಳೇ ಮುಂದೆ ತಲೆನೋವಾಗುವುದು.

ಇನ್ನು ಇಡೀ ಒಕ್ಕ. ನೂರಾರು ಜನರ, ಏಳೆಂಟು ತಲೆಮಾರು ಕವಲೊಡೆದ ಒಕ್ಕವನ್ನು ಎಚ್‌ಯುಎಫ್ ಎಂದು ನಡೆಸಲು ಹೋಗುವುದಕ್ಕಿಂತ, ಐನ್‌ಮನೆಯ ನಿರ್ವಹಣೆಗೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡುವುದು ಹಗುರ. ಇದಕ್ಕೆ ತೆರಿಗೆಯ ಕಾರಣವೂ ಇದೆ. ನೋಂದಣಿ ಇಲ್ಲದ ಕೂಟದಲ್ಲಿ ಸದಸ್ಯರ ಪಾಲು ಇಷ್ಟೆಂದು ನಿಗದಿ ಆಗಿರದಿದ್ದರೆ ಅದರ ಆದಾಯಕ್ಕೆ ಮೊದಲ ರೂಪಾಯಿಯಿಂದಲೇ ಗರಿಷ್ಠ ದರ ಬೀಳುತ್ತದೆ. ನೋಂದಾಯಿತ ಸಂಘಕ್ಕೆ ಈ ಕಟ್ಟುಪಾಡು ಇಲ್ಲ, 4 ಲಕ್ಷದ ಮೂಲ ಮಿತಿಯೂ ಮೇಲಿನ ದರಗಳೂ ಸಿಗುತ್ತವೆ. ಸದಸ್ಯರು ಕೊಡುವ ವಂತಿಗೆ ತಮ್ಮವರಿಂದ ತಮ್ಮವರಿಗೇ ಬಂದದ್ದು, ಪರಸ್ಪರತೆಯ ತತ್ವದಂತೆ ಅದು ಆದಾಯ ಅಲ್ಲ. ಆದರೆ ಆ ಹಣವನ್ನು ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟರೆ ಬರುವ ಬಡ್ಡಿ ಆದಾಯವೇ. ಬೆಂಗಳೂರು ಕ್ಲಬ್ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಹಾಗೆಯೇ ತೀರ್ಪು ಕೊಟ್ಟಿದೆ. ಬಡ್ಡಿ ವರ್ಷಕ್ಕೆ 50,000 ದಾಟಿದರೆ ಬ್ಯಾಂಕ್ ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿಯುತ್ತದೆ. ಪ್ಯಾನ್ ಕೊಟ್ಟಿರದಿದ್ದರೆ ಶೇ 20. ಒಟ್ಟು ಆದಾಯ 4 ಲಕ್ಷದೊಳಗಿದ್ದರೆ ಏಪ್ರಿಲ್‌ನಲ್ಲೇ ಟಿಡಿಎಸ್ ಬೇಡ ಎನ್ನುವ 15ಜಿ ಅರ್ಜಿ ಕೊಟ್ಟುಬಿಡುವುದು ಲೇಸು.

ದುರಸ್ತಿಯ ವಂತಿಗೆಯನ್ನು ‘ಸದ್ಯಕ್ಕೆ’ ಎಂದು ಒಬ್ಬರ ಉಳಿತಾಯ ಖಾತೆಗೆ ಹಾಕಿಸುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ವರ್ಷದಲ್ಲಿ 50,000 ದಾಟಿ ಬಂದ ಉಡುಗೊರೆ, ಕೊಟ್ಟವರು ಕಾಯ್ದೆ ಹೇಳುವ ‘ಸಂಬಂಧಿ’ ಅಲ್ಲದಿದ್ದರೆ, ಪೂರ್ತಿಯಾಗಿ ಪಡೆದವರ ಆದಾಯ. ಹೆಂಡತಿ, ಗಂಡ, ಒಡಹುಟ್ಟಿದವರು, ತಂದೆತಾಯಿಯ ಒಡಹುಟ್ಟಿದವರು ಆ ಪಟ್ಟಿಯಲ್ಲಿದ್ದಾರೆ. ದೊಡ್ಡಪ್ಪನ ಮಗ, ಚಿಕ್ಕಪ್ಪನ ಮಗ ಇಲ್ಲ! ನಮ್ಮ ಲೆಕ್ಕದಲ್ಲಿ ಅವರು ಸ್ವಂತ ಅಣ್ಣತಮ್ಮಂದಿರು, ಕಾಯ್ದೆಯ ಲೆಕ್ಕದಲ್ಲಿ ಹೊರಗಿನವರು. ಅದು ಉಡುಗೊರೆಯಲ್ಲ, ಒಕ್ಕದ ಹಣ ಎಂದು ಆಮೇಲೆ ವಾದಿಸಬಹುದು, ಆದರೆ ಸಭೆಯ ನಡಾವಳಿ, ರಸೀದಿ, ಖರ್ಚಿನ ಬಿಲ್ ಇಲ್ಲದಿದ್ದರೆ ವಾದ ನಿಲ್ಲುವುದಿಲ್ಲ. ಉಳಿತಾಯ ಖಾತೆಗೆ ವರ್ಷದಲ್ಲಿ 10 ಲಕ್ಷ ನಗದು ತುಂಬಿದರೆ ಬ್ಯಾಂಕ್ ತೆರಿಗೆ ಇಲಾಖೆಗೆ ವರದಿ ಕಳಿಸುತ್ತದೆ. ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದೇ ನಿಷಿದ್ಧ, ಪಡೆದಷ್ಟೇ ಮೊತ್ತದ ದಂಡವಿದೆ.

‘ಐನ್‌ಮನೆಗೆ ಕೊಟ್ಟ ಹಣಕ್ಕೆ 80ಜಿ, ಅಂದರೆ ದೇಣಿಗೆಯ ತೆರಿಗೆ ಕಡಿತ, ಸಿಗುತ್ತದೆಯೇ?’ ಸಿಗುವುದಿಲ್ಲ. ಒಕ್ಕದ ಸಂಘ ಸಾರ್ವಜನಿಕ ಧರ್ಮಾರ್ಥ ಅಲ್ಲ ಎಂಬ ಅದೇ ಕಾರಣ. 1996ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಕೃತಿ ನಿಧಿಗೆ ಕೊಟ್ಟರೆ ಶೇ 100 ಕಡಿತ ಇದೆ. ಕೇಂದ್ರ ಸರ್ಕಾರ ಅಧಿಸೂಚಿಸಿದ ಐತಿಹಾಸಿಕ ದೇವಸ್ಥಾನ, ಮಸೀದಿ, ಚರ್ಚಿನ ಜೀರ್ಣೋದ್ಧಾರಕ್ಕೆ ಕೊಟ್ಟರೆ, ಆದಾಯದ ಶೇ 10ರ ಮಿತಿಯೊಳಗೆ, ಶೇ 50 ಕಡಿತ. ಇವೆರಡೂ ಹಳೆಯ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ, 2,000 ರೂಪಾಯಿ ದಾಟಿದ ನಗದು ದೇಣಿಗೆಗೆ ಲೆಕ್ಕವಿಲ್ಲ. ದುರಸ್ತಿಗೆಂದು ಬ್ಯಾಂಕ್ ಸಾಲ ತೆಗೆದು ವಾಸವಿರುವ ಮನೆಯನ್ನು ಸರಿಪಡಿಸಿದರೆ ಬಡ್ಡಿಯಲ್ಲಿ ವರ್ಷಕ್ಕೆ 30,000ದವರೆಗೆ ಕಡಿತ, ಅದೂ ಹಳೆಯ ಪದ್ಧತಿಯಲ್ಲಿ ಮಾತ್ರ.

ದುರಸ್ತಿಗೆ ಹಣ ಸಾಲದೆ ಒಂದು ತುಂಡು ಜಾಗ ಮಾರುವವರೂ ಇದ್ದಾರೆ. ಗ್ರಾಮೀಣ ಕೃಷಿ ಭೂಮಿ ಮಾರಿದ ಲಾಭಕ್ಕೆ ತೆರಿಗೆ ಇಲ್ಲ, ಆದರೆ ಜನಸಂಖ್ಯೆ 10,000ದಿಂದ 1 ಲಕ್ಷದವರೆಗಿನ ಪಟ್ಟಣದ ಎಲ್ಲೆಯಿಂದ ನೇರ ಅಂತರದಲ್ಲಿ 2 ಕಿ.ಮೀ. ಒಳಗಿದ್ದರೆ ಅದು ಗ್ರಾಮೀಣ ಅಲ್ಲ. 2011ರ ಜನಗಣತಿಯಲ್ಲಿ ಮಡಿಕೇರಿಯ ಜನಸಂಖ್ಯೆ 33,000 ದಾಟಿತ್ತು. ಪಟ್ಟಣದ ಅಂಚಿನ ಜಾಗ ಮಾರುವ ಮುನ್ನ ಅಳತೆ ಮಾಡಿಸಿ ಪತ್ರ ಇಟ್ಟುಕೊಳ್ಳಿ. ರಸ್ತೆಯ ಅಂತರ ಹೇಳಿ ಪ್ರಯೋಜನವಿಲ್ಲ, ಕಾಗೆ ಹಾರುವ ದಾರಿಯೇ ಲೆಕ್ಕ.

ದುಡ್ಡು ಬಂದ ಮೇಲೆ ಕೆಡುವುದು ಹೇಗೆ

ಹಣ ಹೊಂದಿಸಿಯೂ ಐನ್‌ಮನೆ ಕೆಟ್ಟ ಉದಾಹರಣೆಗಳು ಕಮ್ಮಿ ಇಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗಿಂತ ಹೆಚ್ಚು ಮಳೆ. ಹಳೆಯ ಮಣ್ಣಿನ ಗೋಡೆ ಆ ತೇವವನ್ನು ಹೀರಿ, ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಹಾಕಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಎರಡು ಮೂರು ಮಳೆಗಾಲದಲ್ಲಿ ಗೋಡೆಯ ಬುಡ ಒಳಗಿನಿಂದ ಕರಗಿ, ಪ್ಲಾಸ್ಟರ್ ಹಲಗೆಯಂತೆ ಕಳಚಿ ಬೀಳುತ್ತದೆ. ಸರಿಯಾದ ಕ್ರಮ ಸುಣ್ಣದ ಗಾರೆ: ಸುಟ್ಟ ಸುಣ್ಣವನ್ನು ಗುಂಡಿಯಲ್ಲಿ ನೀರು ಹಾಕಿ ಅರಳಿಸಿ, ಕನಿಷ್ಠ ಎರಡು ಮೂರು ವಾರ ಕೊಳೆಯಬಿಟ್ಟು, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ಒಂದು ಪದರ 12 ಮಿ.ಮೀ. ಮೀರಬಾರದು, ಒಂದು ಗಟ್ಟಿಯಾದ ಮೇಲೆ ಇನ್ನೊಂದು. ಬೇಗ ಒಣಗಿದರೆ ಬಿರುಕು ಬಿಡುತ್ತದೆ, ಆದ್ದರಿಂದ ಕೆಲವು ದಿನ ನೀರು ಚಿಮುಕಿಸಬೇಕು, ನೇರ ಬಿಸಿಲು ಬೀಳದಂತೆ ಗೋಣಿ ಇಳಿಬಿಡಬೇಕು.

ಕೆತ್ತನೆಯ ಕಂಬ, ಐಮರದ (ಜಗಲಿಯಲ್ಲಿ ಕೂರುವ) ಹಲಗೆಗಳಿಗೆ ಹೊಳೆಯುವ ಎನಾಮಲ್ ಪೇಂಟ್ ಬೇಡ. ಮರದೊಳಗೆ ತೇವ ಉಳಿದು, ಹೊರಗೆ ಚೆಂದ ಕಾಣುತ್ತಲೇ ಒಳಗೆ ಪುಡಿಯಾಗುತ್ತದೆ. ಮಾಡಿನ ಮರ ಬದಲಿಸುವಾಗ ಪೂರ್ತಿ ಬಿಚ್ಚದೆ, ಗೆದ್ದಲು ತಿಂದ ರೀಪು, ಪಕಾಸಿಗಳನ್ನಷ್ಟೇ ತೆಗೆದು, ಹಳೆಯ ಮರವನ್ನು ಆದಷ್ಟೂ ಮರುಬಳಸಿ. ಸ್ವಂತ ಬಾಣೆಯ (ಗದ್ದೆಗೆ ಹೊಂದಿದ ಮರಗಳಿರುವ ಜಾಗದ) ಮರ ಕಡಿದುಕೊಳ್ಳುತ್ತೇವೆ ಎನ್ನುವವರು ಮೊದಲು ಜಾಗ ರಿಡೀಮ್ಡ್ ಹೌದೇ ಎಂದು ನೋಡಬೇಕು. ಅನ್‌ರಿಡೀಮ್ಡ್ ಜಾಗದಲ್ಲಿ ಮರದ ಬೆಲೆ ಸರ್ಕಾರಕ್ಕೆ ಕಟ್ಟುವ ತನಕ ಮರದ ಹಕ್ಕು ಸರ್ಕಾರದ್ದು. ಯಾವ ಜಾಗವಾದರೂ ಅರಣ್ಯ ಇಲಾಖೆಯ ಅನುಮತಿಗೆ ತಿಂಗಳುಗಳು ಹಿಡಿಯಬಹುದು, ಮಾಡು ಬಿಚ್ಚಿದ ಮೇಲೆ ಅರ್ಜಿ ಹಾಕಬೇಡಿ.

ಸರ್ಕಾರಿ ಹಣ, ಸಿಎಸ್‌ಆರ್ ಹಣ ಎರಡಕ್ಕೂ ಮಾರ್ಚ್ 31ರ ಗಡುವು, ಮಳೆಗೆ ಜೂನ್ ಮೊದಲ ವಾರದ ಗಡುವು. ಹಣ ಮಂಜೂರಾಗುವುದು ಬಹುಪಾಲು ವರ್ಷದ ಕೊನೆಗೆ. ಆಗ ಅವಸರದಲ್ಲಿ ಸುಣ್ಣ ಅರಳಿಸಲು ಸಮಯವಿಲ್ಲ ಎಂದು ಸಿಮೆಂಟ್ ಮೆತ್ತುತ್ತಾರೆ, ಬಳಕೆ ಪ್ರಮಾಣಪತ್ರ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಇದನ್ನು ತಪ್ಪಿಸಲು ಒಕ್ಕದ ಕ್ಯಾಲೆಂಡರೇ ಸಾಕು. ಕೈಲ್‌ಪೊಳ್ದ್ ಹಬ್ಬಕ್ಕೆ ಎಲ್ಲರೂ ಸೇರಿದಾಗ ಮಳೆಯಲ್ಲಿ ಎಲ್ಲೆಲ್ಲಿ ಸೋರಿತು ಎಂದು ಕಣ್ಣಾರೆ ನೋಡಿ, ಫೋಟೊ ತೆಗೆದು ಬರೆದಿಟ್ಟುಕೊಳ್ಳಿ, ಒಣಗಿದ ಮೇಲೆ ಸೋರಿದ ಜಾಗ ಗೊತ್ತಾಗುವುದಿಲ್ಲ. ಪುತ್ತರಿಯ ಸಭೆಯಲ್ಲಿ ಅಂದಾಜುಪಟ್ಟಿ, ವಂತಿಗೆ, ಯಾರ ಸಹಿಯಲ್ಲಿ ಖಾತೆ ನಡೆಯಬೇಕು ಎಂಬ ನಿರ್ಣಯ ಬರೆದು ಸಹಿ ಹಾಕಿಸಿ. ಡಿಸೆಂಬರ್‌ನಲ್ಲಿ ಸುಣ್ಣ ನೆನೆಹಾಕಿದರೆ ಜನವರಿಗೆ ಗಾರೆ ಸಿದ್ಧ. ಕಾಫಿ ಕೊಯ್ಲಿನಲ್ಲಿ ಆಳು ಸಿಗುವುದು ಕಷ್ಟ, ಹಾಗಾಗಿ ಗೋಡೆಯ ಕೆಲಸವನ್ನು ಹೊರಗಿನ ಗಾರೆಯವರಿಗೆ ಮುಂಚೆಯೇ ಒಪ್ಪಿಸಿ, ಮಾಡಿನ ಕೆಲಸವನ್ನು ಕೊಯ್ಲು ಮುಗಿದ ಮೇಲೆ, ಏಪ್ರಿಲ್ ಕೊನೆಯೊಳಗೆ ಮುಗಿಸಿ.

ವ್ಯಾಪಾರದ ಆದಾಯ ಇಲ್ಲದವರ ರಿಟರ್ನ್‌ಗೆ ಜುಲೈ 31 ಕೊನೆಯ ದಿನ. ಕೃಷಿ ಆದಾಯ 5,000 ದಾಟಿದರೆ ಐಟಿಆರ್-1 ಹಾಕುವಂತಿಲ್ಲ, ಐಟಿಆರ್-2 ಬೇಕು, ಹೋಂಸ್ಟೇಯಂಥ ವ್ಯಾಪಾರ ಇದ್ದರೆ ಐಟಿಆರ್-3. ಕೃಷಿ ಆದಾಯ 5 ಲಕ್ಷ ದಾಟಿದವರು ಜಾಗ ಇರುವ ಜಿಲ್ಲೆ, ಪಿನ್‌ಕೋಡ್, ವಿಸ್ತೀರ್ಣ, ಸ್ವಂತದ್ದೋ ಗೇಣಿಯದೋ, ನೀರಾವರಿಯೋ ಮಳೆಯಾಶ್ರಿತವೋ ಎಂಬುದನ್ನೂ ತುಂಬಬೇಕು. ಅಲ್ಲಿ ತುಂಬಿದ ವಿಸ್ತೀರ್ಣ ಪಹಣಿಗೆ ತಾಳೆಯಾಗಬೇಕು. ಪಟ್ಟೇದಾರರು ಇಡೀ ಒಕ್ಕದ ಎಕರೆಗಳನ್ನು ತಮ್ಮ ಹೆಸರಿನಲ್ಲಿ ತುಂಬಿಬಿಟ್ಟರೆ, ಮುಂದಿನ ವರ್ಷ ಅದು ಕುಟುಂಬದ ಜಾಗ ಎಂದು ಹೇಳುವಾಗ ಆ ರಿಟರ್ನೇ ಎದುರು ಸಾಕ್ಷಿ. ಕಾಫಿ ಬಿಲ್, ಚೆಕ್‌ರೋಲ್ (ಆಳುಗಳ ಹಾಜರಿ-ಕೂಲಿ ಪಟ್ಟಿ), ಗೊಬ್ಬರದ ರಸೀದಿ, ಹಂಚಿಕೊಂಡ ಪಾಲಿನ ಬ್ಯಾಂಕ್ ದಾಖಲೆ, ಸಭೆಯ ನಡಾವಳಿ ಇಷ್ಟನ್ನೂ ಒಂದೇ ಕಡತದಲ್ಲಿಟ್ಟು, ಪಟ್ಟೇದಾರರ ಬಳಿ ಒಂದು ಪ್ರತಿ, ಸಂಘದ ಕಾರ್ಯದರ್ಶಿ ಬಳಿ ಒಂದು ಪ್ರತಿ ಇರಲಿ. ಮೂಲ ಪತ್ರಗಳನ್ನು ಮಾತ್ರ ಐನ್‌ಮನೆಯಲ್ಲಿ ಇಡಬೇಡಿ, ಅಲ್ಲಿಯ ತೇವಕ್ಕೂ ಗೆದ್ದಲಿಗೂ ಕಾಗದ ಉಳಿಯುವುದಿಲ್ಲ.